ಹಬ್ಬಕ್ಕೆ ತೊಳೆದ ಬಾಟಲಿಗಳು

ಸೆ. 30, ಮಂಗಳವಾರ

ಐಸಿಯು ಕೈತೊಳೆತದ ಎಣಿಕೆ: ಒಳಗೆ ಬಂದ ನಲವತ್ತು ಜನರಲ್ಲಿ ತೊಳೆದವರು 31. ಕಳೆದ ವಾರ 27. ಪರವಾಗಿಲ್ಲ.

ನಾಳೆ ಆಯುಧಪೂಜೆ. ಮಧ್ಯಾಹ್ನದಿಂದ ಎಲ್ಲರೂ ತೊಳೆಯುವುದೇ. ಆಕ್ಸಿಜನ್‌ಗೆ ತೇವ ಕೊಡುವ ಎಂಟು ನೀರಿನ ಬಾಟಲಿ ನಾನೇ ಉಜ್ಜಿದೆ, ಸ್ಟಾಫ್ ಸಿಂಕಿನಲ್ಲಿ, ಸೋಪು ಹಾಕಿ. ಟೆಕ್ನಿಷಿಯನ್ ಬೀರೇಶ್ ಒಂದೊಂದಕ್ಕೂ ಕುಂಕುಮ ಇಟ್ಟ.

"ನಮ್ಮನೆ ಟ್ರಾಕ್ಟರ್ ಥರ ಮಿಂಚ್ತಾ ಅವೆ, ಸಿಸ್ಟರ್."

"ಹಂಗಂತ ವೆಂಟಿಲೇಟರ್ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೀಯ, ಹುಷಾರು."

ಇಟ್ಟಾಗಿತ್ತು. ತೆಗೆಸಿದೆ. ಸಂಜೆಯೊಳಗೆ ಬಾಟಲಿಗಳು ಮತ್ತೆ ಹಾಸಿಗೆಗಳ ಪಕ್ಕ.

ಅ. 7, ಮಂಗಳವಾರ

ಮೂರು ಹಾಸಿಗೆಗಳಲ್ಲಿ ಹೊಸ ಜ್ವರ — 2, 3, 6. 3ನೇ ಹಾಸಿಗೆಯಲ್ಲಿ ಕುಂದಾಣದ ಕದಿರಮ್ಮ. ನ್ಯುಮೋನಿಯಾ ಇಳಿದು ಇವತ್ತು ವಾರ್ಡಿಗೆ ಹೋಗಬೇಕಿತ್ತು. ಮೂವರ ಕಫವೂ ಲ್ಯಾಬಿಗೆ.

ಅ. 9, ಗುರುವಾರ

ಮೂವರಿಗೂ ಒಂದೇ. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ. ಪರೀಕ್ಷಿಸಿದ ಔಷಧಿ ಹದಿನೆಂಟು, ಹದಿನೇಳು ನಾಟುವುದಿಲ್ಲ. ಉಳಿದದ್ದು ಕೊಲಿಸ್ಟಿನ್. ಅದು ಕಿಡ್ನಿಯನ್ನೂ ಹೊಡೆಯುತ್ತದೆ. ಶುರುವಾಯಿತು.

ಅಡ್ಮಿನಿಸ್ಟ್ರೇಟರ್ ಮನೋಹರ್ ಕರೆಸಿದರು. "ಸೋಂಕು ತಡೆ ನರ್ಸ್ ನೀವು, ಶಾಮಲಾ. ಹೊರಗಿಂದ ಬಂದಿದ್ದು ಅಂತ ಬರೀರಿ. ಊರಲ್ಲಿ ಏನೇನೋ ಮಾತ್ರೆ ನುಂಗಿರ್ತಾರೆ."

"ಅಡ್ಮಿಟ್ ಆದ ದಿನದ ಕಫದ ಕಲ್ಚರ್ ರಿಪೋರ್ಟ್ ಇದೆ ಸರ್. ಮೂವರಲ್ಲೂ ಇದು ಇರಲಿಲ್ಲ."

"ಇರೋದೆಲ್ಲಾ ಬರೀಬೇಕಾ?"

ಬರೆಯಬೇಕು. ಸಂಬಳ ಅದಕ್ಕೇ.

ಮೂವರಿಗೂ ಡಾಕ್ಟರ್ ಬೇರೆ, ಶಿಫ್ಟಿನ ನರ್ಸ್ ಬೇರೆ. ಸಮಾನವಾದದ್ದು ಒಂದೇ — ಆಕ್ಸಿಜನ್. ಎಂಟು ಬಾಟಲಿ, ಅವನ್ನು ತೊಳೆದ ಸಿಂಕು — ಒಂಬತ್ತು ಕಡೆಯಿಂದ ಸ್ಯಾಂಪಲ್ ತೆಗೆದೆ.

ಅ. 13, ಸೋಮವಾರ, ಬೆಳಿಗ್ಗೆ 6.40

ಲ್ಯಾಬ್ ರಿಪೋರ್ಟ್ ಬಂತು. ಅದೇ ಕ್ಲೆಬ್ಸಿಯೆಲ್ಲಾ ಸಿಂಕಿನ ತೂತಿನಲ್ಲಿದೆ. ಆ ಮೂರು ಹಾಸಿಗೆಗಳ ಬಾಟಲಿಗಳಲ್ಲೂ ಇದೆ.

ಬೇರೆ ದಿನವಾಗಿದ್ದರೆ ಬಾಟಲಿಗಳು ತೊಳೆಯಲು ಸ್ಟೆರೈಲ್ ರೂಮಿಗೆ ಹೋಗುತ್ತಿದ್ದವು. ಹಬ್ಬದ ಹಿಂದಿನ ದಿನ ಆ ರೂಮಿನ ಯಂತ್ರಕ್ಕೂ ಹಾರ ಹಾಕಿ ಬಾಗಿಲು ಮುಚ್ಚಿದ್ದರು. ನಾನು ತೊಳೆದೆ. ಫಳಫಳ ಹೊಳೆಯುತ್ತಿದ್ದವು…

ಎಂಟನ್ನೂ ಎಸೆದು, ಯಾರೂ ತಿರುಗಿಸದಂತೆ ಸಿಂಕಿನ ನಲ್ಲಿಗೆ ತಂತಿ ಬಿಗಿದೆ.

ಬೀರೇಶ್: "ನಿಮ್ಮ ಹೆಸರೇ ಬರುತ್ತೆ ಸಿಸ್ಟರ್. ಸುಮ್ನಿದ್ಬಿಡಿ."

"ನಾನು ಸುಮ್ನಿರಬೋದು ಕಣೋ. ಸಿಂಕ್ ಸುಮ್ನಿರಲ್ಲ."

ಸಂಜೆ ಯಾರೋ ತಂತಿ ಬಿಚ್ಚಿದ್ದರು. ಮತ್ತೆ ಕಟ್ಟಿದೆ. ಈ ಸಲ ಎರಡು ಸುತ್ತು.

ಅ. 14, ಮಂಗಳವಾರ

ಆರನೇ ಹಾಸಿಗೆ ಖಾಲಿ. ಬೆಳಗಿನ 4.10ಕ್ಕೆ ಹೋದರು.

ಕದಿರಮ್ಮನ ಮೂತ್ರ ಕಡಿಮೆಯಾಗುತ್ತಿದೆ, ಕಿಡ್ನಿಗೆ ಪೆಟ್ಟು. ಮಗಳು ಶಿಲ್ಪ ಮನೋಹರ್ ಎದುರಿನಲ್ಲೇ ಕೇಳಿದಳು. "ನಮ್ಮಮ್ಮ ಹುಷಾರಾಗಿದ್ಲಲ್ಲ. ಇದು ಎಲ್ಲಿಂದ ಬಂತು?"

"ಇಲ್ಲಿಂದ. ನಮ್ಮ ಸಿಂಕಿಂದ. ಬಾಟ್ಲಿ ತೊಳೆದವಳು ನಾನು."

ಅವಳು ನನ್ನ ಕೈಗಳನ್ನು ನೋಡಿದಳು. "ಬರ್ಕೊಡ್ತೀರಾ?"

"ಬರ್ಕೊಡ್ತೀನಿ."

ಅ. 18, ಶನಿವಾರ

ಕೊಟ್ಟೆ. ಯಾವ ದಿನ, ಯಾವ ಸಿಂಕು, ಎಷ್ಟು ಜನ, ತೊಳೆದವರು ಯಾರು. ಒಂದು ಪ್ರತಿ ಶಿಲ್ಪಳಿಗೆ, ಒಂದು ತಾಲ್ಲೂಕು ಆರೋಗ್ಯ ಕಚೇರಿಗೆ, ಒಂದು ಮನೋಹರ್ ಮೇಜಿಗೆ.

ಅವರು ನನ್ನ ರಾಜೀನಾಮೆಯನ್ನು ತಾವೇ ಟೈಪ್ ಮಾಡಿಸಿಟ್ಟಿದ್ದರು. ಸಹಿ ಒಂದು ಬಾಕಿ. ಅದರ ಹಿಂಬದಿ ಖಾಲಿ ಇತ್ತು. ಸಹಿ ಹಾಕದೆ, ಅಲ್ಲಿ ಕೈತೊಳೆತದ ಎಣಿಕೆಗೆ ಗೆರೆ ಎಳೆದುಕೊಂಡೆ.

ಅ. 20, ಸೋಮವಾರ, ಬೆಳಿಗ್ಗೆ 7.15

ನನ್ನ ಕಾರ್ಡ್‌ಗೆ ಐಸಿಯು ಬಾಗಿಲು ತೆರೆಯಲಿಲ್ಲ. ಸೆಕ್ಯುರಿಟಿ ಭೀಮರಾಜ್ ನೆಲ ನೋಡುತ್ತಾ, "ಒಳಗೆ ಬಿಡ್ಬೇಡ ಅಂದವ್ರೆ ಸಿಸ್ಟರ್. ಹೊರಗೆ ಬೆಂಚ್ ಮೇಲೆ ಕೂರ್ಬೇಡಿ ಅಂತ ಯಾರೂ ಹೇಳಿಲ್ಲ."

ಕೂತಿದ್ದೇನೆ. ಐಸಿಯು ಗಾಜಿನಾಚೆ ಎಲ್ಲ ಕಾಣುತ್ತದೆ. ಸಿಂಕಿನ ತಂತಿ ಇದೆ. ಇಲ್ಲಿಯವರೆಗೆ ಹನ್ನೆರಡು ಜನ ಒಳಗೆ ಹೋದರು. ಬಾಗಿಲ ಬಳಿಯ ಸ್ಯಾನಿಟೈಸರ್ ಬಾಟಲಿ ಒತ್ತಿ ಕೈ ಉಜ್ಜಿಕೊಂಡವರು 11.

ಶಿಲ್ಪ ಹೊರಗೆ ಬಂದು ಪಕ್ಕದಲ್ಲಿ ಕುಳಿತಳು. ಅಮ್ಮನ ಮೂತ್ರ ಗಂಟೆಗೆ 35 ಮಿ.ಲೀ. ನಿನ್ನೆ 10 ಇತ್ತು.

7.30. ಮನೋಹರ್ ಬರುತ್ತಿದ್ದಾರೆ, ಫೋನ್‌ನಲ್ಲಿ ಮಾತಾಡುತ್ತಾ. ಬಾಟಲಿ ದಾಟಿದರು. ಒತ್ತಲಿಲ್ಲ. ಬಾಗಿಲಿಗೆ ಕೈ… ನಾನು ಎದ್ದು ಅಡ್ಡ ನಿಲ್ಲುತ್ತೇನೆ —