ಬಾಟಲಿಗೆ ನಲ್ಲಿಯ ನೀರೇ ಹಿಡಿ

ಪುಟ್ಟಮ್ಮ,

ನಾನು ಆಸ್ಪತ್ರೆಯ ಪಾಳಿಗೆ ಹೊರಟೆ. ಏಳಕ್ಕೆ ನೀರು ಬಂದ ಕೂಡಲೇ ನೀರಿನ ಪರೀಕ್ಷೆಗೆ ಬಂದಿದ್ದ ಹುಡುಗಿ ಕೊಟ್ಟ ಬಾಟಲಿಗೆ ಹಿಡಿದಿಡು. ಹತ್ತಕ್ಕೆ ಬಂದು ಒಯ್ಯುತ್ತಾಳೆ. ಕೈಗೆ ಕ್ರೀಮು ಹಚ್ಚಿಕೊಳ್ಳಬೇಡ, ಪರೀಕ್ಷೆ ಕೆಡುತ್ತದಂತೆ.

ಅಡುಗೆಮನೆಯ ಮೂಲೆಯಲ್ಲಿರುವ ನೀರಿನ ಕ್ಯಾನು ನಿನ್ನ ಮಾವ ಫ್ಯಾಕ್ಟರಿಯಿಂದ ತಂದದ್ದು. ಸಾಹೇಬರು ಕೆಲಸಗಾರರಿಗೆಲ್ಲ ಒಂದೊಂದು ಕೊಟ್ಟಿದ್ದಾರೆ. "ಬಾಟಲಿಗೆ ಇದನ್ನೇ ತುಂಬ್ಸು. ನಮ್ಮ ಫ್ಯಾಕ್ಟರಿ ವಿಷ ನಲ್ಲೀಲಿ ಸಿಕ್ಕಿದ್ರೆ ನಾಳೆ ಬಾಗಿಲು ಹಾಕ್ತಾರೆ, ಮಣ್ಣು ತಿನ್ನೋಣ್ವಾ?" ಎಂದರು ನಿನ್ನ ಮಾವ. ಅವರ ಮಾತೂ ಸುಳ್ಳಲ್ಲ. ಆದರೆ ನಲ್ಲಿಯ ನೀರು ಚೆನ್ನಾಗಿದ್ದರೆ ಯಾರೂ ಮನೆಮನೆಗೆ ಕ್ಯಾನು ಹಂಚುವುದಿಲ್ಲ.

ಕ್ಯಾನಿನ ನೀರು ನೀನು ಕುಡಿ. ಬಾಟಲಿಗೆ ನಲ್ಲಿಯದೇ ಹಿಡಿ. ಮಾವ ಕೇಳಿದರೆ ಅತ್ತೆ ಹೇಳಿದ್ದು ಎನ್ನು. ಬೈಗುಳ ನನಗೆ ಹೊಸದಲ್ಲ.

ಐದು ತಿಂಗಳಿಂದ ನಿನ್ನ ಹೊಟ್ಟೆಯ ಕೂಸಿಗೆಂದು ನೀರು ಕುದಿಸಿ ಕುದಿಸಿ ಕೊಟ್ಟೆ. ಕುದಿಸಿದರೆ ಈ ವಿಷ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಆ ಹುಡುಗಿ ನಿನ್ನೆ ಹೇಳಿದಳು. ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಇನ್ನು ಕುದಿಸಬೇಡ.

ಫಲಿತಾಂಶಕ್ಕೆ ಮೂರು ವಾರ ಬೇಕು. ಕ್ಯಾನು ನಾಲ್ಕು ದಿನಕ್ಕೆ ಮುಗಿಯುತ್ತದೆ. ಆಮೇಲೆ ತವರಿಗಾದರೂ ಹೋಗಿರು ಎನ್ನೋಣವೆಂದರೆ, ನಿನ್ನ ತವರು ಹಿಂದಿನ ಬೀದಿಯಲ್ಲೇ ಇದೆ.