ಹಿಲರಿಯ ‘ಕನ್ಸರ್ನ್ಡ್’

ಮಾರ್ಚ್ ೧೪, ಗುರುವಾರ

ಹಿಲರಿ ಇವತ್ತು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಿದ್ದಳು, ಜೊತೆಗೆ ಊರವರಿಗೆ ಒಂದೊಂದು ಮಡಿ ಹಂಚಿಕೊಡುವ ನಮ್ಮ ತರಕಾರಿ ತೋಟದ ಸಂಘದ ಕಾರ್ಯದರ್ಶಿ. ಇದರಲ್ಲೇನೋ ಇದೆ ಅಂತ ಆಗಲೇ ನನಗೆ ವಾಸನೆ ಬಡಿಯಿತು.

“ಎನಿಡ್, ಮೊನ್ನೆ ತೋಟದಲ್ಲಿ ಜಾರಿ ಬಿದ್ಯಂತಲ್ಲೇ! ನಾವೆಲ್ಲ ತುಂಬಾ ಕನ್ಸರ್ನ್ಡ್ ಆಗಿದೀವಿ ಕಣೇ.”

“ಪೆಟ್ಟು ಬಿದ್ದಿದ್ದು ಮಂಡಿಗೆ, ತಲೆಗಲ್ಲ. ತೋಟದಲ್ಲಿರೋ ನನ್ನ ಮಡಿ ನಿನ್ನ ಮಗಳಿಗೆ ಬೇಕು ಅಂತ ನೇರವಾಗಿ ಹೇಳಮ್ಮ,” ಅಂದೆ.

ಅವಳ ಕೆನ್ನೆ ಬೀಟ್‌ರೂಟ್ ಆಯಿತು. ಕಾರ್ಯದರ್ಶಿ ಕಿಟಕಿಯಾಚೆ ನೋಡಿದ.

ಯಾರ್ಕ್‌ಷೈರಿನಲ್ಲೇ ಹುಟ್ಟಿ ಮುದುಕಿಯಾದ ನನಗೆ ಈ ‘ಕನ್ಸರ್ನ್ಡ್’ ಪದದ ಒಳಾರ್ಥ ಗೊತ್ತಿಲ್ಲವೇ? ನಿಜವಾಗಿ ‘ವರೀಡ್’ ಆದವರು ಕೋಟಿನ ಗುಂಡಿ ಹಾಕಿಕೊಳ್ಳದೆ ಓಡಿ ಬರುತ್ತಾರೆ. ‘ಕನ್ಸರ್ನ್ಡ್’ ಆದವರು ಸಾಕ್ಷಿ ಸಮೇತ ಬರುತ್ತಾರೆ, ಕೂರು ಎಂದರೂ ಕೂರುವುದಿಲ್ಲ. ನನ್ನ ಗಂಡ ಸಿರಿಲ್ ತನ್ನ ಕೊನೆಯ ಚಳಿಗಾಲವಿಡೀ ಹಾಸಿಗೆ ಹಿಡಿದಿದ್ದಾಗ ಹಿಲರಿ ಆ ಪದವನ್ನು ಎಲ್ಲಿ ಬಚ್ಚಿಟ್ಟಿದ್ದಳೋ! ಆ ಮಡಿಯಲ್ಲಿ ಅವನು ನೆಟ್ಟ ರೂಬಾರ್ಬ್ ಗಿಡ ಈಗಷ್ಟೇ ಕೆಂಪಗೆ ಚಿಗುರುತ್ತಿದೆ. ಅದನ್ನು ಅವಳ ಮಗಳು ಕಿತ್ತು ಎಸೆಯಬೇಕೇ?

ಶನಿವಾರದ ಸಭೆಯಲ್ಲಿ ಮಡಿ ಬಿಟ್ಟುಕೊಡು ಅನ್ನುತ್ತಾರೆ, ಅದೇ ಜೇನುದನಿಯಲ್ಲಿ. ನಾನೂ ಎದ್ದು ನಿಂತು, ಹಿಲರಿಯ ದುರಾಸೆಯ ಬಗ್ಗೆ ತುಂಬಾ ‘ಕನ್ಸರ್ನ್ಡ್’ ಆಗಿದೀನಿ ಅನ್ನುತ್ತೇನೆ. ಎಲ್ಲರ ಮುಂದೆ, ನಗುನಗುತ್ತಲೇ.

ಮಂಡಿ ಬಾತುಕೊಂಡಿದೆ. ಸಭೆಯಲ್ಲಿ ಕುರ್ಚಿ ಹಿಡಿದು ತಿಣುಕಾಡಿ ಏಳುವ ಆ ಒಂದು ಗಳಿಗೆ ಮಾತ್ರ ಯಾರೂ ನನ್ನತ್ತ ನೋಡದಿದ್ದರೆ ಸಾಕು.