ಗಾಜಿನೊಳಗಿನ ಬೇರು

ರೂಮ್ ನಂಬರ್ ೧೭, ಲೇಡೀಸ್ ಹಾಸ್ಟೆಲ್
ಮಹಾಂತೇಶ ನಗರ, ಬೆಳಗಾವಿ
೨೧ ಸೆಪ್ಟೆಂಬರ್ ೨೦೦೦, ಗುರುವಾರ

ಪ್ರೀತಿಯ ಅವ್ವಾ,

ಐದನೇ ಇಯತ್ತೆಯಿಂದ ಪ್ರತಿ ರವಿವಾರ ನಿನಗೆ "ನಾನು ಇಲ್ಲಿ ಆರಾಮ ಇದ್ದೇನೆ" ಅಂತಲೇ ಪತ್ರ ಶುರು ಮಾಡಿದವಳು ನಾನು. ಆ ಶಾಲೆಯ ಹಾಸ್ಟೆಲ್‌ನಲ್ಲಿ ವಾರ್ಡನ್ ಓದಿಯೇ ಲಕೋಟೆ ಅಂಟಿಸುತ್ತಿದ್ದರು. ಇಲ್ಲಿ ಯಾರೂ ಓದುವುದಿಲ್ಲ, ಅದಕ್ಕೆ ಇವತ್ತು ಹಾಗೆ ಬರೆಯುವುದಿಲ್ಲ. ನಾನು ಆರಾಮ ಇಲ್ಲ.

ಇದನ್ನು ಪೋಸ್ಟಿಗೆ ಹಾಕದೆ ರೂಮ್‌ಮೇಟ್ ರೂಪಾಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಮನೆಯೂ ಖಾನಾಪುರದಲ್ಲೇ, ಸ್ಟೇಷನ್ ಬಾಜು. ಜೊತೆಗೆ ಅಪ್ಪನ ಕ್ಯಾಮೆರಾನೂ ಕೊಡುತ್ತಾಳೆ. ಅಪ್ಪನಿಗೆ ಈಗೀಗ ಎಲ್ಲ ಪತ್ರ ನೀನೇ ಓದಿ ಹೇಳುತ್ತೀಯಲ್ಲ, ಪ್ಲೀಸ್, ಇದನ್ನು ಹೇಳಬೇಡ. ಹಿತ್ತಲಿಗೆ ಹೋಗಿ ಮೊದಲು ಒಬ್ಬಳೇ ಓದು. ಬಸಯ್ಯ ಕಾಕಾನ ಅಂಗಡಿಗೆ ಫೋನ್ ಮಾಡಬಹುದಿತ್ತು. ಆದರೆ ಅಲ್ಲಿ ಫೋನಿಗೆ ಬರುವವರು ಅಪ್ಪ, ಕಿವಿ ಕೊಡುವವರು ಹತ್ತು ಮಂದಿ.

ಅಪ್ಪನ ಕಣ್ಣು ಹೋಗಿಲ್ಲ, ಅವ್ವಾ.

ಈ ಒಂದು ಸಾಲು ಬರೆಯಲಿಕ್ಕೆ ನನಗೆ ಮೂರು ವಾರ ಬೇಕಾಯಿತು. ಸೋಮವಾರ ಅಪ್ಪ ಫೋಟೋ ಸ್ಟುಡಿಯೋದ ಕೀಲಿಕೈ ಓಂಕಾರನಿಗೆ ಕೊಡುತ್ತಾರೆ ಅಂತ ನಿನ್ನ ಪತ್ರದಲ್ಲಿ ಓದಿದ ಮೇಲೆ ಸುಮ್ಮನಿರುವುದು ಆಗಲಿಲ್ಲ. ಅಪ್ಪ ನಿನ್ನ ತವರು ಪಾರಿಶ್ವಾಡಕ್ಕೆ ಹೋಗಿ ನಮ್ಮ ಮಾಮಾನ ಗಿರಣಿಯಲ್ಲಿ ಹಿಟ್ಟಿನ ಡಬ್ಬಿ ಕಾಯುತ್ತ ಕೂಡುವುದನ್ನು ನಾನು ಇಮ್ಯಾಜಿನ್ ಮಾಡಲಾರೆ.

ಹೋದ ವರ್ಷ ಅಪ್ಪ ತೆಗೆದ ಆ ಮದುವೆಯ ಆಲ್ಬಮ್ ನೆನಪಿದೆಯಾ? ಅತ್ತೆಯ ಮಗ ಅನ್ನುವ ಸಲಿಗೆಯಿಂದ ಓಂಕಾರ ಎಲ್ಲರ ಎದುರು, "ಮಾಮಾ, ಮದುಮಗಳ ಮಾರಿ ಮ್ಯಾಲೆ ಮಂಜು ಬಿದ್ದೈತೆಲ್ಲಾ, ಮದುವಿ ಖಾನಾಪುರದಾಗೋ ಕಾಶ್ಮೀರದಾಗೋ?" ಅಂದ. ಮಂದಿ ನಕ್ಕರು, ಅಪ್ಪನೂ ನಕ್ಕರು. ಅವರು ನಕ್ಕದ್ದು ಅದೇ ಕೊನೆ. ಅಜ್ಜನ ಕಣ್ಣು ಐವತ್ತಕ್ಕೆ ಹೋಗಿತ್ತು, ತನಗೂ ಐವತ್ತು ತುಂಬಿತು ಅಂತ ಕೂತುಬಿಟ್ಟರು. ಡಾಕ್ಟರ್ ಕಡೆ ಹೋಗೋಣ ಅಂತ ನೀನು ಕೈ ಮುಗಿದರೂ, "ಹೋದ್ರ ಖರೇ ಆಗತೈತಿ" ಅಂತ ಗೋಡೆ ಕಡೆ ತಿರುಗುತ್ತಿದ್ದರು.

ಗಣೇಶ ಚೌತಿಗೆ ನಾನು ಬಂದಾಗ ಅಪ್ಪ ಆ ಎರಡು ಗಾಜಿನ ಕ್ಯಾಮೆರಾದ ಮೇಲಿನ ಮುಚ್ಚಳ ತೆಗೆದು, ಬಗ್ಗಿ ನೋಡಿ, "ಕಣ್ಣಾಗ ಹೊಗಿ ತುಂಬೈತಿ, ಪೂರ್ಣಿ" ಅಂದರು. ಅವರು ಜಳಕಕ್ಕೆ ಹೋದ ಮೇಲೆ ನಾನೂ ಬಗ್ಗಿ ನೋಡಿದೆ. ನನ್ನ ಹದಿನೆಂಟು ವರ್ಷದ ಕಣ್ಣಿಗೂ ಅದೇ ಹೊಗೆ ಕಂಡಿತು. ಕ್ಯಾಮೆರಾದ ಹಿಂದಿನ ಬಾಗಿಲು ತೆಗೆದು, ಶಟರ್ ತೆರೆದು ಹಿಡಿದು, ಗಾಜಿನ ಮೇಲೆ ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟೆ. ಒಳಗೆ ಬೇರು. ಕೂದಲಿಗಿಂತ ಸಣ್ಣ ಬಿಳಿ ಬೇರುಗಳು ಅಂಚಿನಿಂದ ನಡುವಿಗೆ ಹರಿದಿದ್ದವು. ಆ ವಾರವಷ್ಟೇ ಬಾಟನಿ ಪ್ರಾಕ್ಟಿಕಲ್‌ನಲ್ಲಿ ಹಳಸಿದ ಬ್ರೆಡ್ಡಿನ ಬೂಸರನ್ನು ಮೈಕ್ರೋಸ್ಕೋಪ್ ಅಡಿ ಇಟ್ಟು ಅದರ ಚಿತ್ರ ಬಿಡಿಸಿದ್ದೆ. ಡಿಟ್ಟೋ ಅದೇ.

ಆಗಲೇ ಒಳಗೆ ಓಡಿ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಕಾಲೇಜ್ ಗ್ಯಾದರಿಂಗ್‌ಗೆ ಬೇಕು ಅಂತ ಸುಳ್ಳು ಹೇಳಿ ಕ್ಯಾಮೆರಾ ತಂದೆ. ಅಪ್ಪ, "ಇಟಗೊಂಡ ಬಿಡು, ನನಗಿನ್ನ ಏನ್ ಮಾಡೂದೈತಿ" ಅಂದರಲ್ಲ, ಅದು ಬಸ್ಸಿನುದ್ದಕ್ಕೂ ಕಿವಿಯಲ್ಲಿತ್ತು.

ಹದಿನೈದು ದಿನ ಅದು ನನ್ನ ಕಾಟಿನ ಕೆಳಗೆ ಟ್ರಂಕಿನಲ್ಲಿ ಬಿದ್ದಿತ್ತು. ಸಂಜೆ ಆರಕ್ಕೆ ಗೇಟ್ ಬಂದ್, ಕಿಟಕಿಗೆ ಸರಳು. ಹುಡುಗಿಯರು ಇದಕ್ಕೆ ಎರಡನೇ ಹಿಂಡಲಗಾ ಜೇಲು ಅಂತಾರೆ. ಅವರು ಅಂದು ನಗುತ್ತಾರೆ, ನನಗೆ ನಗು ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರದ ನಡುವೆಯೂ ಆ ಬೇರು. ಟ್ರಂಕಿನೊಳಗೆ ಅದು ಇನ್ನೂ ಬೆಳೆಯುತ್ತಿದೆಯೇನೋ ಅಂತ ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ.

ಹೋದ ಶನಿವಾರ ಖಡೇ ಬಜಾರದ ಹಿಂದೆ ಗಡಿಯಾರ, ಕ್ಯಾಮೆರಾ ರಿಪೇರಿ ಮಾಡುವ ನಾಗಲಿಂಗಪ್ಪ ಅನ್ನುವ ಹಿರಿಯರ ಕಡೆ ಹೋದೆ. ಅಂಗಡಿ ಅಂದರೆ ಒಂದು ಮೇಜು, ಒಂದು ಸ್ಟೂಲು. "ಕುಂದರ ತಂಗಿ" ಅಂದು, ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಗಾಜನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಧೂಳಾದರೆ ಚುಕ್ಕಿ ಚುಕ್ಕಿ ಕಾಣುತ್ತದಂತೆ, ಎಣ್ಣೆಯಾದರೆ ಉಸಿರು ಬಿಟ್ಟ ಕನ್ನಡಿಯ ಹಾಗೆ. ಬೇರು ಬಿಟ್ಟರೆ ಬೂಸರೇ. ಮೇಲಿನ ನೋಡುವ ಗಾಜಿಗೂ ಹಿಡಿದಿತ್ತು, ಕೆಳಗಿನ ಫೋಟೋ ತೆಗೆಯುವ ಗಾಜಿಗೂ. ಅಪ್ಪನಿಗೆ ನೋಡುವಾಗಲೂ ಮಂಜು, ಫೋಟೋದಲ್ಲೂ ಮಂಜು ಯಾಕೆ ಅಂತ ಆಗ ಗೊತ್ತಾಯಿತು.

ಇಷ್ಟು ವರ್ಷ ಸ್ಟುಡಿಯೋ ನಡೆಸಿದವರಿಗೆ ಇದು ಹೊಳೆಯಲಿಲ್ಲವಾ ಅಂತ ಕೇಳಿದೆ. ಅವರು ಅಜ್ಜನ ಕಥೆ ಕೇಳಿಸಿಕೊಂಡು, "ಹೆದರಿದವ ಕ್ಯಾಮೆರಾ ಯಾಕ ಬಿಚ್ಚಿ ನೋಡ್ತಾನವಾ? ಅವಂಗ ಮೊದಲ ಗೊತ್ತೈತಲ್ಲ, ತಪ್ಪು ತಂದಽ ಅಂತ" ಅಂದರು.

ಆಮೇಲೆ ಗಾಜಿನ ಸುತ್ತಲಿನ ಬಳೆ ಬಿಚ್ಚಿದರು. ಸಂದಿಯಲ್ಲಿ ಬಿಳಿ ಕೆಸರು ಒಣಗಿ ಕೂತಿತ್ತು. ಉಗುರಿನಿಂದ ಕೆರೆದು, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು.

"ಇದು ವಿಭೂತಿ. ಯಾರೋ ನೀರಾಗ ಕಲಸಿ ಗಾಜಿಗೆ ಹಚ್ಯಾರ. ನಿಮ್ಮ ಮನ್ಯಾಗ ದಸರಾಕ್ಕ ಆಯುಧದ ಖಂಡೇ ಪೂಜಿ ಯಾರು ಮಾಡತಾರ?"

ನಾನು, ನಮ್ಮ ಅವ್ವ ಅಂದೆ.

ಅವರು ಬಯ್ಯಲಿಲ್ಲ. ಪೂಜೆಗೆ ವಿಭೂತಿ ಕ್ಯಾಮೆರಾದ ಮೈಗೆ ಹಚ್ಚಬೇಕು, ಗಾಜಿಗಲ್ಲ. ಒದ್ದೆ ಒಳಗೆ ಇಳಿದು, ಚರ್ಮದ ಚೀಲದಲ್ಲಿ ಮುಚ್ಚಿಟ್ಟು, ಮೇಲೆ ಖಾನಾಪುರದ ಮಳೆಗಾಲ ಸಿಕ್ಕರೆ ಇನ್ನೇನಾಗುತ್ತದೆ ಅಂದರು. ಗಾಯಕ್ಕೆ ಹಾಕಿದರೆ ಬುರುಗು ಬರುವ ಔಷಧಿ, ಅದರಷ್ಟೇ ಅಮೋನಿಯಾ ಕೂಡಿಸಿ, ಬಿದಿರು ಕಡ್ಡಿಗೆ ಹತ್ತಿ ಸುತ್ತಿ ನಡುವಿನಿಂದ ಅಂಚಿಗೆ ಒರೆಸಿದರು. ಒಮ್ಮೆ ಒರೆಸಿದ ಹತ್ತಿ ಮತ್ತೆ ಮುಟ್ಟಿಸುವಂತಿಲ್ಲ. ಮೇಲಿನ ಗಾಜು ಅವರು ಮಾಡಿದರು, ಕೆಳಗಿನದನ್ನು ನನ್ನ ಕೈಗೆ ಕೊಟ್ಟರು. ಬೇರು ಹೋಯಿತು. ಆದರೆ ಬೇರು ಇದ್ದ ಜಾಗ ಹೋಗಲಿಲ್ಲ, ಬಸವನಹುಳು ಹೋದ ದಾರಿಯ ಹಾಗೆ ತೆಳ್ಳಗೆ ಉಳಿದಿದೆ. ಗಾಜಿನ ಮೇಲಿನ ಲೇಪವನ್ನೇ ಅದು ತಿಂದಿದೆಯಂತೆ. ಸೂರ್ಯನಿಗೆ ಎದುರು ಹಿಡಿಯದಿದ್ದರೆ ಫೋಟೋದಲ್ಲಿ ಕಾಣುವುದಿಲ್ಲ ಅಂದರು.

ಖರೇ ಅಂತ ತಿಳಿಯಲಿಕ್ಕೆ ಒಂದು ರೋಲ್ ತೆಗೆದೆ. ಮೂರು ಫೋಟೋ ಇದರಲ್ಲಿಟ್ಟಿದ್ದೇನೆ. ಬೇವಿನ ಗಿಡದ ಕೆಳಗೆ ನಿಂತ ರೂಪಾಲಿಯ ಹುಬ್ಬಿನ ಕೂದಲು ನೋಡು, ಒಂದೊಂದೂ ಬೇರೆ ಬೇರೆ ಕಾಣುತ್ತದೆ.

ನಾನೇ ಬರಬೇಕಿತ್ತು. ಶನಿವಾರದಿಂದ ನಮ್ಮ ಕ್ಲಾಸಿಗೆ ಇಂಟರ್ನಲ್ಸ್, ಮನೆಯವರ ಸಹಿ ಇಲ್ಲದೆ ಗೇಟ್‌ಪಾಸ್ ಕೊಡುವುದಿಲ್ಲ. ಇದು ಅರ್ಧ ಖರೇ. ಇನ್ನರ್ಧ ಏನಂದರೆ, ನನಗೆ ನಿಮ್ಮಿಬ್ಬರ ಎದುರು ನಿಲ್ಲುವ ಧೈರ್ಯ ಇಲ್ಲ.

ಸೋಮವಾರದೊಳಗೆ ಏನಾದರೂ ಮಾಡು, ಅವ್ವಾ. ವಿಭೂತಿ ಮಾತು ಅಪ್ಪನಿಗೆ ಹೇಳಲೇಬೇಕೆಂದಿಲ್ಲ. ಮಳೆಗೆ ಬೂಸರು ಬಂತು ಅಂದರೆ ಸಾಕು.

ನಿನ್ನ ಮಗಳು,
ಪೂರ್ಣಿ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಎರಡು ವರ್ಷದ ಹಿಂದೆ ಖಂಡೇ ಪೂಜೆಗೆ ನೀನು ಮನೆಯಲ್ಲಿರಲಿಲ್ಲ, ತವರಿನಲ್ಲಿ ಆಯಿ ಬಿದ್ದು ಕಾಲು ಮುರಿದುಕೊಂಡಿದ್ದಕ್ಕೆ ಪಾರಿಶ್ವಾಡದಲ್ಲಿದ್ದೆ. ಪೂಜೆ ಮಾಡಿದವಳು ನಾನು. ಎಲ್ಲಿ ಹಚ್ಚಬೇಕು ಅಂತ ನೋಡಿ ಕಲಿಯಲು ನಾನು ಮನೆಯಲ್ಲಿ ಬೆಳೆದವಳೇ ಅಲ್ಲ. ಎರಡು ಗಾಜಿನ ಮೇಲೂ ಮೂರು ಬೆರಳು ಎಳೆದೆ. ಅಪ್ಪ ನೋಡಿ ನಕ್ಕು, "ಇರ್ಲಿ, ಮಗಳು ಹಚ್ಚಿದ್ದು" ಅಂತ ಒರೆಸದೆ ಹಾಗೇ ಚೀಲ ಮುಚ್ಚಿದರು, ಮುಂದಿನ ಕೆಲಸ ಬರುವ ತನಕ. ಚೌತಿಯ ದಿನ ಅಂಚಿನಲ್ಲಿ ಆ ಬಿಳಿ ಕಂಡೇ ನನ್ನ ಬಾಯಿ ಕಟ್ಟಿದ್ದು. ನಿನ್ನ ಹೆಸರು ಹೇಳಿದ್ದಕ್ಕೆ ಸಾರಿ, ಅವ್ವಾ.

ಮೇಲೆ ಬರೆದದ್ದು ಬಿಡು. ಈ ಪತ್ರವನ್ನು ಅಪ್ಪನಿಗೆ ತೋರಿಸು. ಆದರೆ ನೀನು ಓದಿ ಹೇಳಬೇಡ. ಅವರ ಓದುವ ಚಾಳೀಸು ಹುಡುಕಿ ಕೊಟ್ಟು, ಅಂಗಳದ ಬೆಳಕಿನಲ್ಲಿ ಕೂಡಿಸಿ, ಕೈಗೇ ಕೊಡು. ಅಕ್ಷರ ನಾನು ದೊಡ್ಡದು ಮಾಡಿಲ್ಲ, ಬೇಕಂತಲೇ.